ಇಳಿಜಾರಿನಲ್ಲಿ ಹಳೆಯ ಪಿಕಪ್: ಯಂತ್ರದ ದೋಷ, ಊರಿನ ಹೊಣೆ

(ಉಪನ್ಯಾಸದ ಲಿಖಿತ ರೂಪ)



ಪರಿಸರದ ಸಭೆಯಲ್ಲಿ ಪಿಕಪ್ ವಾಹನದ ಬ್ರೇಕು, ಕ್ಲಚ್ಚು, ರೇಡಿಯೇಟರುಗಳ ಮಾತೇಕೆ ಎಂಬ ಪ್ರಶ್ನೆ ಕೆಲವರ ಮನಸ್ಸಿನಲ್ಲಿ ಮೂಡಿರಬಹುದು. ಕಾಡು, ಹೊಳೆ, ಜೀವಜಾತಿಗಳನ್ನು ಕುರಿತು ಚರ್ಚಿಸುವ ವೇದಿಕೆಗೆ ಗ್ಯಾರೇಜಿನ ವಿಷಯ ಹೊಂದುವುದಿಲ್ಲವೆಂದು ತೋರುವುದು ಸಹಜ. ಆದರೆ ಗುಡ್ಡಗಾಡಿಗೆ ತನ್ನದೇ ಆದ ಒಂದು ನಿಯಮವಿದೆ. ಮೇಲೆ ಕೈತಪ್ಪಿದ್ದು ಕೆಳಗೆ ಬಂದೇ ಬರುತ್ತದೆ. ಮೇಲಿನ ಮನೆಯ ಅಂಗಳದಲ್ಲಿ ಚೆಲ್ಲಿದ ಕರಿ ಎಣ್ಣೆ ಮೊದಲ ಮಳೆಗೇ ಕೆಳಗಿನ ಮನೆಯ ಬಾವಿಯ ದಾರಿ ಹಿಡಿಯುತ್ತದೆ. ಬ್ರೇಕು ಸೋತ ವಾಹನ ಕೆಳಗಿನ ತಿರುವಿನಲ್ಲಿ ಏರಿ ಬರುತ್ತಿರುವವರ ಮೇಲೆ ಎರಗುತ್ತದೆ. ಬಯಲುಸೀಮೆಯಲ್ಲಿ ವಾಹನದ ದೋಷ ಬಹುಮಟ್ಟಿಗೆ ಅದರ ಒಡೆಯನ ಕಷ್ಟ. ಮಲೆನಾಡಿನಲ್ಲಿ ಅದು ಕೆಳಗಿರುವವರೆಲ್ಲರ ಕಷ್ಟ. ಇಂದಿನ ಮಾತಿನ ತಿರುಳು ಇಷ್ಟೇ.

ಮನೆಮಂದಿಯಂತಾದ ವಾಹನ

ಒಂದು ಕಾಲದಲ್ಲಿ ಮಲೆನಾಡಿನ ಕಚ್ಚಾರಸ್ತೆಗಳಲ್ಲಿ ಎತ್ತಿನ ಗಾಡಿಯ ತರುವಾಯ ಕಾಣಿಸಿಕೊಂಡದ್ದು ಜೀಪು. 1988ರಲ್ಲಿ ಟಾಟಾ ಮೊಬೈಲ್ ಎಂಬ ಪಿಕಪ್ ಮಾರುಕಟ್ಟೆಗೆ ಬಂದಿತು. 2005ರಲ್ಲಿ ಟಾಟಾ ಏಸ್ ಬಂದು ಚಿಕ್ಕ ಸರಕು ವಾಹನ ಸಣ್ಣ ಹಿಡುವಳಿದಾರನ ಕೈಗೂ ಎಟುಕಿತು. ಇಂದು ಅಡಿಕೆ ಮೂಟೆ, ಕಾಳುಮೆಣಸು, ಕಾಫಿ, ಬಾಳೆಗೊನೆ, ಹಾಲಿನ ಕ್ಯಾನು, ದರಕು, ಗೊಬ್ಬರ ಎಲ್ಲವೂ ಪಿಕಪ್ಪಿನಲ್ಲೇ ಸಾಗುತ್ತವೆ. ಮದುವೆಯ ಪಾತ್ರೆಪಗಡಗಳೂ ಅದರಲ್ಲೇ ಬರುತ್ತವೆ. ಬಸ್ಸಿಲ್ಲದ ಊರಿನಲ್ಲಿ ನಡುರಾತ್ರಿ ಹೆರಿಗೆ ನೋವು ಕಾಣಿಸಿಕೊಂಡರೆ ಬಾಗಿಲು ತಟ್ಟುವುದೂ ಪಿಕಪ್ ಇರುವವರ ಮನೆಯದೇ.

ಇವುಗಳಲ್ಲಿ ಅನೇಕ ವಾಹನಗಳು ಹತ್ತು ಹದಿನೈದು ಮಳೆಗಾಲ ಕಂಡಿವೆ. ಹಲವು ಎರಡನೆಯ, ಮೂರನೆಯ ಕೈಗೆ ಬಂದಿವೆ. ಹಳೆಯದನ್ನು ಗುಜರಿಗೆ ಹಾಕಿ ಹೊಸದನ್ನು ಕೊಳ್ಳಿರೆಂದು ಉಪದೇಶಿಸುವುದು ಸುಲಭ. ಆದರೆ ಹೊಸ ವಾಹನವೂ ಭೂಮಿಯಿಂದಲೇ ಬರಬೇಕು. ಅದರ ಉಕ್ಕಿಗೆ ಅದಿರು ಬೇಕು, ಅದಿರಿಗೆ ಗುಡ್ಡ ಬೇಕು. ಗಣಿ ಎಂದರೇನೆಂಬುದನ್ನು ಪಶ್ಚಿಮ ಘಟ್ಟದ ಜನರಿಗೆ ಹೇಳಬೇಕಾಗಿಲ್ಲ. ಕುದುರೆಮುಖದ ಅದಿರು ಗಣಿಗಾರಿಕೆಯು ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತದ್ದು ಎಲ್ಲರಿಗೂ ನೆನಪಿದೆ. ಆದ್ದರಿಂದ ಹಳೆಯ ವಾಹನವನ್ನು ಇಟ್ಟುಕೊಳ್ಳುವುದೇ ಅಪರಾಧವಲ್ಲ. ಅದನ್ನು ಕೆಡಿಸಿ ಇಟ್ಟುಕೊಳ್ಳುವುದು ಅಪರಾಧ. ಇವೆರಡರ ನಡುವಿನ ಗೆರೆಯನ್ನು ಗುರುತಿಸಬೇಕಾದರೆ ಯಂತ್ರದ ಮಾತು ತಿಳಿದಿರಬೇಕು. ಸಂತೋಷದ ಸಂಗತಿಯೆಂದರೆ ಹಳೆಯ ಪಿಕಪ್ ಬಹುಮಟ್ಟಿಗೆ ಮುನ್ಸೂಚನೆ ಕೊಡದೆ ಕೆಡುವುದಿಲ್ಲ. ವಾಸನೆ, ಸದ್ದು, ಹೊಗೆ ಮತ್ತು ನೆಲದ ಮೇಲಿನ ಹನಿ, ಈ ನಾಲ್ಕರ ಮೂಲಕ ಅದು ವಾರಗಟ್ಟಲೆ ಮೊದಲೇ ಹೇಳುತ್ತಿರುತ್ತದೆ.

ಘಟ್ಟದಲ್ಲಿ ಕುದಿಯುವ ಹಂಡೆ

ಮೊದಲು ಬ್ರೇಕಿನ ವಿಚಾರ. ಆಗುಂಬೆ ಘಟ್ಟದಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಸರಕು ಸೇರಿ ಎರಡೂವರೆ ಟನ್ ತೂಗುವ ಪಿಕಪ್ ಇಂಥದೊಂದು ಘಟ್ಟದಲ್ಲಿ 500 ಮೀಟರ್ ಎತ್ತರ ಇಳಿಯುತ್ತದೆಂದು ಭಾವಿಸಿದರೆ, ಆ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿ ಸುಮಾರು 122 ಲಕ್ಷ ಜೂಲ್. ಈ ಲೆಕ್ಕವನ್ನು ವಿಜ್ಞಾನದ ವಿದ್ಯಾರ್ಥಿಗಳು ತೂಕ, ಎತ್ತರ ಮತ್ತು ಗುರುತ್ವವನ್ನು ಗುಣಿಸಿ ತಾವೇ ಮಾಡಿ ನೋಡಬಹುದು. ಮನೆಯ ಮಾತಿನಲ್ಲಿ ಹೇಳುವುದಾದರೆ, ಬಚ್ಚಲುಮನೆಯ ಹಂಡೆಯಲ್ಲಿ 39 ಲೀಟರ್ ತಣ್ಣೀರು ತುಂಬಿ ಅದನ್ನು ಕುದಿಯುವವರೆಗೆ ಕಾಯಿಸಲು ಬೇಕಾಗುವಷ್ಟು ಶಾಖ ಅದು. ಇನ್ನೂ ಒಂದು ಟನ್ ಚಿರೆಕಲ್ಲನ್ನು ಹೆಚ್ಚಾಗಿ ಹೇರಿದರೆ ಹಂಡೆಯ ನೀರು 55 ಲೀಟರಿಗೆ ಏರುತ್ತದೆ. ಈ ಶಾಖದ ಒಂದು ಪಾಲನ್ನು ಗಾಳಿ ಮತ್ತು ಟೈರುಗಳು ನುಂಗುತ್ತವೆ. ಗೇರು ಸರಿಯಾಗಿದ್ದರೆ ಮತ್ತೊಂದು ಪಾಲನ್ನು ಎಂಜಿನ್ ನುಂಗುತ್ತದೆ. ಉಳಿದದ್ದೆಲ್ಲ ನಾಲ್ಕು ಚಕ್ರಗಳ ಬ್ರೇಕಿನೊಳಗೆ, ಅಂಗೈ ಅಗಲದ ಲೈನಿಂಗುಗಳ ಮೇಲೆ ಬೀಳಬೇಕು.

ಲೈನಿಂಗ್ ಮಿತಿಮೀರಿ ಕಾದಾಗ ಅದರ ಹಿಡಿತ ಕುಗ್ಗುತ್ತದೆ. ಚಾಲಕ ಪೆಡಲನ್ನು ಎಷ್ಟು ಒತ್ತಿದರೂ ವಾಹನ ನಿಧಾನವಾಗುವುದಿಲ್ಲ. ತಿರುವುಗಳಲ್ಲಿ ಮೂಗಿಗೆ ಬಡಿಯುವ ಸುಟ್ಟ ವಾಸನೆ ಇದರ ಮುನ್ಸೂಚನೆ. ವಾಸನೆ ಬಂದೊಡನೆ ವಾಹನವನ್ನು ವಿಶಾಲವಾದ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆ ತಣಿಯಲು ಬಿಡಬೇಕು. ಕೆಂಪಗೆ ಕಾದ ಡ್ರಮ್ಮಿಗೆ ತಣ್ಣೀರು ಎರಚಬಾರದು. ಎರಕದ ಕಬ್ಬಿಣ ಸೀಳುತ್ತದೆ.

ಎರಡನೆಯ ಅಪಾಯ ಕಣ್ಣಿಗೆ ಕಾಣದು. ಬ್ರೇಕ್ ಎಣ್ಣೆಗೆ ಗಾಳಿಯ ತೇವವನ್ನು ಹೀರುವ ಗುಣವಿದೆ. ಡಾಟ್ 3 ಎಂಬ ದರ್ಜೆಯ ಹೊಸ ಎಣ್ಣೆ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದೆ. ಅದೇ ಎಣ್ಣೆ ಶೇಕಡ 3.7ರಷ್ಟು ನೀರು ಹೀರಿಕೊಂಡ ಬಳಿಕ ಅದರ ಕನಿಷ್ಠ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4 ದರ್ಜೆಯಲ್ಲಿ ಈ ಸಂಖ್ಯೆಗಳು 230 ಮತ್ತು 155. ವರ್ಷದಲ್ಲಿ ನಾಲ್ಕೈದು ತಿಂಗಳು ತೇವದಲ್ಲೇ ಮುಳುಗಿರುವ ಮಲೆನಾಡಿನಲ್ಲಿ ಎಣ್ಣೆ ಬೇಗ ನೀರು ಹೀರುವುದರಲ್ಲಿ ಆಶ್ಚರ್ಯವಿಲ್ಲ. ಘಟ್ಟದ ಕಾವಿಗೆ ಆ ಎಣ್ಣೆ ಕುದಿದು ಕೊಳವೆಯಲ್ಲಿ ಆವಿಯ ಗುಳ್ಳೆಗಳಾದರೆ ಪೆಡಲು ಬುಡದವರೆಗೆ ಹೋಗುತ್ತದೆ, ವಾಹನ ಮಾತ್ರ ನಿಲ್ಲುವುದಿಲ್ಲ. ಕೆಳಗೆ ಬಂದು ತಣಿದ ಮೇಲೆ ಬ್ರೇಕು ಮತ್ತೆ ಸರಿಯಾಗಿರುತ್ತದೆ. ಆದಕಾರಣ ಗ್ಯಾರೇಜಿನಲ್ಲಿ ದೋಷ ಸಿಗುವುದಿಲ್ಲ, ಚಾಲಕನ ಮಾತನ್ನು ಯಾರೂ ನಂಬುವುದಿಲ್ಲ. ಎರಡು ವರ್ಷಕ್ಕೊಮ್ಮೆ ಎಣ್ಣೆಯನ್ನು ಪೂರ್ತಿ ಬದಲಿಸುವುದೊಂದೇ ಇದಕ್ಕೆ ಪರಿಹಾರ. ಅರ್ಧ ಬಳಸಿ ವರ್ಷಗಟ್ಟಲೆ ಮುಚ್ಚಳ ಸಡಿಲವಾಗಿ ಇಟ್ಟಿದ್ದ ಡಬ್ಬಿಯ ಎಣ್ಣೆಯನ್ನು ಹಾಕಿದರೆ ಬದಲಿಸಿಯೂ ಫಲವಿಲ್ಲ.

ಪೆಡಲಿನ ಮಾತನ್ನು ಪ್ರತಿಯೊಬ್ಬ ಚಾಲಕನೂ ಕಲಿಯಬಹುದು. ಒಂದೇ ಸಮನೆ ಒತ್ತಿ ಹಿಡಿದಾಗ ಪೆಡಲು ಮೆಲ್ಲನೆ ಇಳಿಯುತ್ತಾ ಹೋದರೆ ಎಲ್ಲೋ ಸೋರಿಕೆಯಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ರಬ್ಬರು ಸವೆದಿದೆ. ಸ್ಪಂಜಿನಂತೆ ಮೆತ್ತಗಿದ್ದರೆ ಕೊಳವೆಯಲ್ಲಿ ಗಾಳಿ ಸೇರಿದೆ. ಬ್ರೇಕು ಹಿಡಿದಾಗ ವಾಹನ ಒಂದೇ ಬದಿಗೆ ಎಳೆದರೆ ಒಂದು ಚಕ್ರದ ಸಿಲಿಂಡರ್ ಜಾಮ್ ಆಗಿದೆ, ಅಥವಾ ಲೈನಿಂಗಿಗೆ ಎಣ್ಣೆ ತಗುಲಿದೆ. ಹಳೆಯ ಪಿಕಪ್ಪುಗಳಲ್ಲಿ ಹಿಂದಿನ ಆಕ್ಸಲಿನ ಆಯಿಲ್ ಸೀಲು ಸವೆದು ಗೇರ್ ಎಣ್ಣೆ ಡ್ರಮ್ಮಿನೊಳಗೆ ಸೋರುವುದು ತೀರ ಸಾಮಾನ್ಯ. ಹಿಂಚಕ್ರದ ಒಳಮುಖದಲ್ಲಿ ಜಿಡ್ಡಿನ ಕಲೆ ಕಂಡರೆ ಚಕ್ರವನ್ನು ಬಿಚ್ಚಿಸಲೇಬೇಕು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುವ ಸಂಭವವುಂಟು. ಆದ್ದರಿಂದ ಡ್ರಮ್ಮಿನ ಧೂಳನ್ನು ಬಾಯಿಂದಾಗಲಿ ಗಾಳಿಯ ಪೈಪಿನಿಂದಾಗಲಿ ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಹ್ಯಾಂಡ್ ಬ್ರೇಕನ್ನು ಮಲೆನಾಡಿನಲ್ಲಿ ಅನೇಕರು ಮರೆತೇಬಿಟ್ಟಿದ್ದಾರೆ. ಕೇಬಲ್ಲಿಗೆ ತುಕ್ಕು ಹಿಡಿದು ಅದು ಕೆಲಸ ಮಾಡುವುದು ನಿಂತಾಗ ಚಕ್ರಕ್ಕೆ ಕಲ್ಲು ಕೊಡುವ ರೂಢಿ ಬರುತ್ತದೆ. ವಾಹನ ಹೊರಟ ಮೇಲೆ ಆ ಕಲ್ಲು ರಸ್ತೆಯ ನಡುವೆಯೇ ಉಳಿಯುತ್ತದೆ. ರಾತ್ರಿ ಬೈಕಿನಲ್ಲಿ ಬರುವವನಿಗೆ ಅದು ಮೃತ್ಯು. ಕೇಬಲ್ ಬದಲಿಸುವುದು ದೊಡ್ಡ ಖರ್ಚಲ್ಲ. ಅಲ್ಲಿಯವರೆಗೆ ಹಗ್ಗ ಕಟ್ಟಿದ ಮರದ ತುಂಡೊಂದು ವಾಹನದಲ್ಲಿರಲಿ, ಅದು ವಾಹನದೊಂದಿಗೇ ಹಿಂದಿರುಗಲಿ.

ನ್ಯೂಟ್ರಲ್ ಎಂಬ ಹುಸಿ ಉಳಿತಾಯ

ಡೀಸೆಲ್ ಉಳಿಯುತ್ತದೆಂದು ಇಳಿಜಾರಿನಲ್ಲಿ ಗೇರು ತೆಗೆದು, ಕೆಲವೊಮ್ಮೆ ಎಂಜಿನ್ನನ್ನೇ ಆರಿಸಿ ವಾಹನ ಬಿಡುವ ಅಭ್ಯಾಸ ಘಟ್ಟದ ಚಾಲಕರಲ್ಲಿ ಆಳವಾಗಿ ಬೇರೂರಿದೆ. ಇದು ಎರಡು ಬಗೆಯಲ್ಲಿ ತಪ್ಪು. ಮೊದಲನೆಯದಾಗಿ, ಡೀಸೆಲ್ ಎಂಜಿನ್ನಿನ ಬ್ರೇಕಿಗೆ ಬಲ ಕೊಡುವ ಬೂಸ್ಟರು ಎಂಜಿನ್ ತಿರುಗಿಸುವ ವ್ಯಾಕ್ಯೂಮ್ ಪಂಪನ್ನು ಅವಲಂಬಿಸಿದೆ. ಎಂಜಿನ್ ಆರಿದರೆ ಒಂದೆರಡು ಸಲ ಪೆಡಲು ಒತ್ತುವಷ್ಟರಲ್ಲಿ ಆ ಬಲ ಮುಗಿಯುತ್ತದೆ. ಪವರ್ ಸ್ಟಿಯರಿಂಗ್ ಇದ್ದರೆ ಅದೂ ಕಲ್ಲಿನಂತೆ ಬಿಗಿಯಾಗುತ್ತದೆ. ಎರಡನೆಯದಾಗಿ, ಉಳಿತಾಯವೆಂಬುದೇ ಸುಳ್ಳು. ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಆಗ ಪಂಪು ಡೀಸೆಲ್ ಪೂರೈಕೆಯನ್ನು ಕಡಿದುಹಾಕುತ್ತದೆ. ನ್ಯೂಟ್ರಲ್‌ನಲ್ಲಿ ಉರಿಯುತ್ತಿರುವ ಎಂಜಿನ್ನಿಗಾದರೋ ತನ್ನನ್ನು ತಾನು ತಿರುಗಿಸಿಕೊಳ್ಳಲು ಡೀಸೆಲ್ ಬೇಕೇ ಬೇಕು.

ಏರಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಎಂಬುದು ಹಿರಿಯ ಚಾಲಕರ ಮಾತು. ಅದಕ್ಕಿಂತ ಉತ್ತಮವಾದ ನಿಯಮವನ್ನು ಯಾವ ಪುಸ್ತಕವೂ ಹೇಳಲಾರದು.

ಬೂಸ್ಟರನ್ನು ಮನೆಯಂಗಳದಲ್ಲೇ ಪರೀಕ್ಷಿಸಬಹುದು. ಎಂಜಿನ್ ಆರಿಸಿ ಪೆಡಲು ಗಟ್ಟಿಯಾಗುವವರೆಗೆ ನಾಲ್ಕಾರು ಬಾರಿ ಒತ್ತಬೇಕು. ಹಾಗೆಯೇ ಒತ್ತಿ ಹಿಡಿದು ಎಂಜಿನ್ ಚಾಲೂ ಮಾಡಿದಾಗ ಪೆಡಲು ತುಸು ಕೆಳಗಿಳಿದರೆ ಬೂಸ್ಟರ್ ಸರಿಯಿದೆ. ಇಳಿಯದಿದ್ದರೆ ಘಟ್ಟಕ್ಕೆ ಹೊರಡುವ ಮೊದಲು ಗ್ಯಾರೇಜಿಗೆ ಹೋಗಬೇಕು.

ಸದ್ದಿನ ಮೂಲಕ ಮಾತನಾಡುವ ಭಾಗಗಳು

ವಾಹನ ಹೊರಡುವಾಗ ಕೆಳಗಿನಿಂದ ‘ಟಕ್’ ಎಂದು ಸದ್ದು ಬಂದರೆ ಅದು ಸಾಮಾನ್ಯವಾಗಿ ಪ್ರೊಪೆಲ್ಲರ್ ಶಾಫ್ಟಿನ ಯು ಜಾಯಿಂಟಿನದು. ಮೆಕ್ಯಾನಿಕ್ಕುಗಳು ಇದನ್ನು ‘ಕ್ರಾಸ್’ ಎನ್ನುತ್ತಾರೆ. ಅದರೊಳಗಿನ ಸೂಜಿ ಬೇರಿಂಗುಗಳಿಗೆ ಗ್ರೀಸು ಒಣಗಿದಾಗ, ಕೆಸರು ನೀರು ಒಳಹೊಕ್ಕಾಗ ಅದು ಸವೆಯುತ್ತದೆ. ಹೊಳೆ ದಾಟಿ ಬರುವ ವಾಹನಗಳಲ್ಲಿ ಇದು ಬೇಗ ಆಗುತ್ತದೆ. ವೇಗ ಹೆಚ್ಚಿದಂತೆ ಇಡೀ ವಾಹನ ಅದುರತೊಡಗಿದರೆ ಶಾಫ್ಟು ಕಳಚಿ ಬೀಳುವ ದಿನ ದೂರವಿಲ್ಲವೆಂದು ತಿಳಿಯಬೇಕು. ಗ್ರೀಸ್ ಗನ್ನಿನ ನಾಲ್ಕು ಒತ್ತುಗಳಿಂದ ತಪ್ಪಿಸಬಹುದಾದ ಅನಾಹುತವಿದು.

ಸ್ಪ್ರಿಂಗ್ ಪ್ಲೇಟುಗಳ ಕಥೆಯೂ ಹಾಗೆಯೇ. ಗುಂಡಿಯ ರಸ್ತೆ, ಮಿತಿಮೀರಿದ ಹೊರೆ, ಪ್ಲೇಟುಗಳ ನಡುವೆ ಸೇರಿದ ತುಕ್ಕು, ಈ ಮೂರೂ ಕೂಡಿ ಒಂದು ಪ್ಲೇಟು ಮುರಿಯುತ್ತದೆ. ವಾಹನ ಒಂದು ಬದಿಗೆ ವಾಲಿ ನಿಂತರೆ ಅದನ್ನು ಕಾಣಬಹುದು. ಒಂದು ಮುರಿದ ಮೇಲೆ ಉಳಿದವುಗಳ ಮೇಲೆ ಭಾರ ಹೆಚ್ಚುತ್ತದೆ. ಯು ಬೋಲ್ಟುಗಳು ಸಡಿಲಗೊಂಡು ನಡುವಿನ ಬೋಲ್ಟು ತುಂಡಾದರೆ ಆಕ್ಸಲೇ ಜಾರುತ್ತದೆ. ಪ್ಲೇಟು ಮುರಿಯುತ್ತದೆಂದು ಇನ್ನೆರಡು ಪ್ಲೇಟು ಹೆಚ್ಚಿಗೆ ಹಾಕಿಸಿ, ಈಗ ಎಷ್ಟಾದರೂ ಹೇರಬಹುದೆಂದು ತಿಳಿಯುವವರುಂಟು. ಸ್ಪ್ರಿಂಗು ಗಟ್ಟಿಯಾದರೂ ಬ್ರೇಕು, ಆಕ್ಸಲು, ಛಾಸಿ ಹಳೆಯವೇ ಆಗಿರುತ್ತವೆ. ಕುದಿಯಬೇಕಾದ ಹಂಡೆ ಮಾತ್ರ ದೊಡ್ಡದಾಗಿರುತ್ತದೆ.

ಕ್ಲಚ್ಚು ಮಲೆನಾಡಿನಲ್ಲಿ ಬೇಗ ಸವೆಯುವುದಕ್ಕೆ ಏರಿನಲ್ಲಿ ಅರ್ಧ ಕ್ಲಚ್ಚಿನ ಮೇಲೆ ವಾಹನ ನಿಲ್ಲಿಸುವುದೇ ಮುಖ್ಯ ಕಾರಣ. ಎಂಜಿನ್ನಿನ ಸದ್ದು ಏರಿದರೂ ವಾಹನದ ವೇಗ ಏರದಿದ್ದರೆ ಕ್ಲಚ್ ಪ್ಲೇಟು ಜಾರುತ್ತಿದೆ ಎಂದರ್ಥ. ಸ್ಟಿಯರಿಂಗಿನಲ್ಲಿ ಆಟ ಹೆಚ್ಚಾಗಿದ್ದರೆ, ಅಂದರೆ ಚಕ್ರ ತಿರುಗುವ ಮೊದಲೇ ಸ್ಟಿಯರಿಂಗು ಬಹಳಷ್ಟು ತಿರುಗುತ್ತಿದ್ದರೆ, ಟೈ ರಾಡಿನ ತುದಿಗಳನ್ನೂ ಸ್ಟಿಯರಿಂಗ್ ಬಾಕ್ಸನ್ನೂ ತಪಾಸಣೆ ಮಾಡಿಸಬೇಕು. ಟೈರು ಒಂದೇ ಅಂಚಿನಲ್ಲಿ ಸವೆಯುವುದೂ ಇದೇ ರೋಗದ ಇನ್ನೊಂದು ಲಕ್ಷಣ.

ಕಾವು ಮತ್ತು ನೀರು

ಏರು ಹತ್ತುವಾಗ ಎಂಜಿನ್ ಕಾಯುವುದು ಹಳೆಯ ಪಿಕಪ್ಪಿನ ಮಾಮೂಲು ದೂರು. ಬಹಳ ಸಲ ದೋಷ ಎಂಜಿನ್ನಿನದಲ್ಲ. ರೇಡಿಯೇಟರಿನ ಸಣ್ಣ ರೆಕ್ಕೆಗಳ ನಡುವೆ ಕೆಮ್ಮಣ್ಣು, ಹುಲ್ಲಿನ ಬೀಜ, ಸತ್ತ ಕೀಟಗಳು ತುಂಬಿ ಗಾಳಿಯ ದಾರಿ ಮುಚ್ಚಿರುತ್ತದೆ. ಫ್ಯಾನ್ ಬೆಲ್ಟು ಸಡಿಲಗೊಂಡಿರುತ್ತದೆ. ರೇಡಿಯೇಟರಿನ ಮುಚ್ಚಳದ ರಬ್ಬರು ಸವೆದಿರುತ್ತದೆ. ಆ ಮುಚ್ಚಳವೂ ಪ್ರೆಷರ್ ಕುಕ್ಕರಿನ ಮುಚ್ಚಳದಂತೆ ಒಳಗೆ ಒತ್ತಡವನ್ನು ಹಿಡಿದಿಟ್ಟು, ನೀರು 100 ಡಿಗ್ರಿ ದಾಟಿದರೂ ಕುದಿಯದಂತೆ ನೋಡಿಕೊಳ್ಳುತ್ತದೆ. ಕಾದ ರೇಡಿಯೇಟರಿನ ಮುಚ್ಚಳವನ್ನು ತೆರೆಯಬಾರದೆನ್ನುವುದೂ ಅದಕ್ಕಾಗಿಯೇ.

ಕೂಲಂಟ್ ಖಾಲಿಯಾದಾಗ ರಸ್ತೆ ಬದಿಯ ಹಳ್ಳದ ನೀರು ತುಂಬಿ ಮುಂದೆ ಹೋಗುವುದು ಎಲ್ಲರಿಗೂ ಅಭ್ಯಾಸ. ತುರ್ತಿಗೆ ಅದು ಸರಿ. ಆದರೆ ಬರಿ ನೀರಿನಲ್ಲಿ ತುಕ್ಕು ತಡೆಯುವ ಗುಣವಿಲ್ಲ. ತಿಂಗಳುಗಟ್ಟಲೆ ಅದನ್ನೇ ಇಟ್ಟರೆ ಎಂಜಿನ್ನಿನ ಒಳದಾರಿಗಳು ತುಕ್ಕಿನ ರಾಡಿಯಿಂದ ಕಟ್ಟುತ್ತವೆ. ಎಂಜಿನ್ ಕಾಯುತ್ತದೆಂದು ಥರ್ಮೋಸ್ಟ್ಯಾಟನ್ನು ಕಿತ್ತೆಸೆಯುವುದು ಇನ್ನೊಂದು ತಪ್ಪು ಮದ್ದು. ಆಗ ಚಳಿಯ ಬೆಳಗಿನಲ್ಲಿ ಎಂಜಿನ್ ಬಹುಹೊತ್ತು ತಣ್ಣಗೇ ಓಡಿ, ಡೀಸೆಲ್ ಸರಿಯಾಗಿ ಉರಿಯದೆ, ಸವೆತವೂ ಹೊಗೆಯೂ ಹೆಚ್ಚುತ್ತವೆ. ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆ ಹಾಲು ಬೆರೆಸಿದಂತೆ ಕಂಡರೆ ನೀರು ಎಣ್ಣೆಗೆ ಸೇರಿದೆ, ಹೆಚ್ಚಾಗಿ ಹೆಡ್ ಗ್ಯಾಸ್ಕೆಟ್ ಹೋಗಿದೆ. ಆ ವಾಹನವನ್ನು ಮುಂದಕ್ಕೆ ಓಡಿಸಬಾರದು.

ಹಳೆಯ ಕೂಲಂಟನ್ನು ಅಂಗಳಕ್ಕೆ ಬಿಡುವವರು ಒಂದು ಸಂಗತಿಯನ್ನು ಅರಿಯಬೇಕು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ; ಆದರೆ ರುಚಿ ಸಿಹಿ. ನಾಯಿ, ಬೆಕ್ಕು, ಕರುಗಳು ಅದನ್ನು ನೆಕ್ಕುತ್ತವೆ. ಮೂತ್ರಪಿಂಡ ಕೆಟ್ಟು ಸಾಯುತ್ತವೆ.

ಹೊಗೆಯ ಮೂರು ಬಣ್ಣಗಳು

ಕಪ್ಪು ಹೊಗೆ ಎಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರಿನಲ್ಲಿ ಬೇಸಿಗೆಯ ಧೂಳು ತುಂಬಿರುವುದು, ಇಂಜೆಕ್ಟರಿನ ಬಾಯಿ ಸವೆದು ಡೀಸೆಲ್ ಮಂಜಿನಂತೆ ಚದರದೆ ಹನಿಯಾಗಿ ಬೀಳುವುದು ಇದಕ್ಕೆ ಸಾಮಾನ್ಯ ಕಾರಣಗಳು. ಮೂರನೆಯ ಕಾರಣ ಮನುಷ್ಯನದೇ. ಏರು ಚೆನ್ನಾಗಿ ಹತ್ತಲೆಂದು ಪಂಪಿನ ಸೀಲು ಒಡೆದು ಡೀಸೆಲಿನ ಪ್ರಮಾಣವನ್ನು ಹೆಚ್ಚಿಸಲಾಗುತ್ತದೆ. ಹೆಚ್ಚಿಸಿದ ಡೀಸೆಲಿನ ಬಹುಪಾಲು ಶಕ್ತಿಯಾಗದೆ ಮಸಿಯಾಗಿ ಹೊರಬರುತ್ತದೆ. ಹಣ ಕೊಟ್ಟು ಕೊಂಡ ಡೀಸೆಲು ರಸ್ತೆ ಬದಿಯ ಶಾಲೆಯ ಮಕ್ಕಳ ಎದೆಗೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿತು.

ನೀಲಿ ಹೊಗೆ ಎಂದರೆ ಎಂಜಿನ್ ಎಣ್ಣೆಯೇ ಉರಿಯುತ್ತಿದೆ. ಪಿಸ್ಟನ್ನಿನ ರಿಂಗುಗಳು, ವಾಲ್ವಿನ ಸೀಲುಗಳು, ಟರ್ಬೋ ಇದ್ದರೆ ಅದರ ಸೀಲುಗಳು ಸವೆದಿವೆ. ಬಿಳಿ ಹೊಗೆ ಚಳಿಯ ಬೆಳಗಿನಲ್ಲಿ ಸ್ವಲ್ಪ ಹೊತ್ತು ಬಂದು ನಿಂತರೆ ಹೆದರಬೇಕಾಗಿಲ್ಲ. ಎಂಜಿನ್ ಬಿಸಿಯಾದ ಮೇಲೂ ಬರುತ್ತಿದ್ದರೆ, ಕೂಲಂಟ್ ಕೂಡ ಕಡಿಮೆಯಾಗುತ್ತಿದ್ದರೆ, ನೀರು ಒಳಗೆ ಸೇರುತ್ತಿದೆ.

ಮಳೆಗಾಲದಲ್ಲಿ ಅರ್ಧ ಖಾಲಿಯಿರುವ ಟ್ಯಾಂಕಿನ ಒಳಗೋಡೆಯ ಮೇಲೆ ಇಬ್ಬನಿಯಂತೆ ನೀರು ಕಟ್ಟಿ ಡೀಸೆಲಿಗೆ ಇಳಿಯುತ್ತದೆ. ನೀರು ಭಾರವಾದ್ದರಿಂದ ತಳದಲ್ಲಿ ನಿಲ್ಲುತ್ತದೆ. ಪಂಪನ್ನೂ ಇಂಜೆಕ್ಟರನ್ನೂ ತುಕ್ಕು ತಿನ್ನುತ್ತದೆ. ಡೀಸೆಲ್ ಫಿಲ್ಟರಿನ ಅಡಿಯಲ್ಲಿರುವ ತಿರುಪನ್ನು ಸಡಿಲಿಸಿ ನೀರನ್ನು ಡಬ್ಬಿಗೆ ಇಳಿಸುವುದು ಐದು ನಿಮಿಷದ ಕೆಲಸ. ಇದನ್ನು ಮಾಡದಿದ್ದರೆ ಪಂಪ್ ದುರಸ್ತಿಗೆ ಒಂದು ಚೀಲ ಅಡಿಕೆಯ ಹಣ ಹೋದೀತು.

ತುಕ್ಕು, ಇಲಿ, ವೈರು

ಮಲೆನಾಡಿನಲ್ಲಿ ವಾಹನದ ಆಯುಸ್ಸನ್ನು ನಿರ್ಧರಿಸುವುದು ಕಿಲೋಮೀಟರಲ್ಲ, ಮಳೆಗಾಲ. ಛಾಸಿಯ ಒಳಮೂಲೆಗಳಲ್ಲಿ ಕೂತ ಕೆಸರು ವರ್ಷವಿಡೀ ಒದ್ದೆಯಾಗಿಯೇ ಇರುತ್ತದೆ. ಮೇಲಿನ ಬಣ್ಣ ಹೊಳೆಯುತ್ತಿದ್ದರೂ ಅಡಿಯಲ್ಲಿ ಕಬ್ಬಿಣ ಹಪ್ಪಳದಂತಾಗಿರುತ್ತದೆ. ಸುತ್ತಿಗೆಯಿಂದ ಮೆಲ್ಲನೆ ತಟ್ಟಿದಾಗ ‘ಟಣ್’ ಎನ್ನದೆ ‘ದಪ್’ ಎಂದರೆ ಅಲ್ಲಿ ಉಳಿದಿರುವುದು ತುಕ್ಕು ಮಾತ್ರ. ಬ್ರೇಕ್ ಎಣ್ಣೆಯ ಉಕ್ಕಿನ ಕೊಳವೆಗಳೂ ಛಾಸಿಗೆ ಅಂಟಿಕೊಂಡೇ ಸಾಗುತ್ತವೆಂಬುದನ್ನು ಮರೆಯಬಾರದು.

ಕೊಟ್ಟಿಗೆಯ ಬದಿಯಲ್ಲಿ ನಿಂತ ವಾಹನಕ್ಕೆ ಇಲಿಗಳ ಕಾಟವೂ ಇದೆ. ಬೆಚ್ಚಗಿನ ಎಂಜಿನ್ನಿನ ಬಳಿ ಗೂಡು ಕಟ್ಟಿ ವೈರುಗಳನ್ನು ಕಡಿಯುತ್ತವೆ. ಫ್ಯೂಸು ಮತ್ತೆ ಮತ್ತೆ ಹೋಗುತ್ತಿದ್ದರೆ ಎಲ್ಲೋ ವೈರಿನ ಸಿಪ್ಪೆ ಹೋಗಿದೆ ಎಂದರ್ಥ. ಫ್ಯೂಸಿನ ಜಾಗದಲ್ಲಿ ತಾಮ್ರದ ತಂತಿ ಸುತ್ತಿದರೆ ಫ್ಯೂಸು ಉರಿಯುವ ಬದಲು ವಾಹನವೇ ಉರಿಯುತ್ತದೆ. ದೀಪಗಳು ಮಂಕಾಗಿದ್ದರೆ ಬಲ್ಬು ಬದಲಿಸುವ ಮೊದಲು ಛಾಸಿಗೆ ಜೋಡಿಸಿದ ಅರ್ಥ್ ವೈರಿನ ತುಕ್ಕನ್ನು ಉಜ್ಜಿ ನೋಡಬೇಕು. ಚಾರ್ಮಾಡಿ, ಆಗುಂಬೆಗಳ ಮಂಜಿನಲ್ಲಿ ಹಿಂದೆ ಬರುವವನಿಗೆ ಕಾಣಿಸುವುದು ಹಿಂಬದಿಯ ಕೆಂಪು ದೀಪವೊಂದೇ. ಅದರ ಮೇಲೆ ಕೆಸರು ಮೆತ್ತಿದ್ದರೆ ಅದೂ ಇಲ್ಲ.

ಹಳ್ಳ ಸೇರುವ ಕರಿ ಎಣ್ಣೆ

ಇಷ್ಟು ಹೊತ್ತು ಹೇಳಿದ ದೋಷಗಳು ಮನುಷ್ಯರ ಪ್ರಾಣಕ್ಕೆ ಸಂಬಂಧಿಸಿದವು. ಬಾಯಿಲ್ಲದ ಜೀವಿಗಳಿಗೆ ಸಂಬಂಧಿಸಿದ ದೋಷ ಇನ್ನೊಂದಿದೆ. ಒಂದು ಪಿಕಪ್ಪಿನ ಎಂಜಿನ್ನಿನಿಂದ ಎಣ್ಣೆ ಬದಲಿಸುವಾಗ ಸುಮಾರು 6 ಲೀಟರ್ ಕರಿ ಎಣ್ಣೆ ಹೊರಬರುತ್ತದೆ ಎಂದಿಟ್ಟುಕೊಂಡರೆ, ಅದು ನೀರಿನ ಮೇಲೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು ತೆಳುವಾಗಿ ಹರಡಿದಾಗ 6,000 ಚದರ ಮೀಟರನ್ನು, ಅಂದರೆ ಸುಮಾರು ಒಂದೂವರೆ ಎಕರೆಯನ್ನು ಮುಚ್ಚುತ್ತದೆ. ಆ ಪದರದ ಅಡಿಯಲ್ಲಿ ಗೊದಮೊಟ್ಟೆಗಳಿವೆ, ಮೀನಿನ ಮರಿಗಳಿವೆ, ನೀರಿನ ಮೇಲ್ಮೈಯಿಂದ ಉಸಿರೆಳೆಯುವ ಕೀಟಗಳಿವೆ. ಪಶ್ಚಿಮ ಘಟ್ಟದ ಎಷ್ಟೋ ಕಪ್ಪೆಗಳು, ಹಳ್ಳದ ಮೀನುಗಳು ಜಗತ್ತಿನ ಬೇರಾವ ಭಾಗದಲ್ಲೂ ಇಲ್ಲ. ಬಳಸಿದ ಎಣ್ಣೆಯಲ್ಲಿ ಲೋಹದ ಪುಡಿಯೂ ಕ್ಯಾನ್ಸರ್‌ಕಾರಕ ರಾಸಾಯನಿಕಗಳೂ ಸೇರಿರುತ್ತವೆ. ಗೆದ್ದಲು ಹಿಡಿಯದಿರಲೆಂದು ಬೇಲಿಗೂಟಕ್ಕೂ, ತುಕ್ಕು ಹಿಡಿಯದಿರಲೆಂದು ಛಾಸಿಗೂ ಅದನ್ನು ಬಳಿಯುವ ರೂಢಿಯಿದೆ. ಬಳಿದದ್ದು ಮಳೆಗೆ ತೊಳೆದು ಹೋಗಿ ತೋಟದ ಕಾಲುವೆ ಸೇರುತ್ತದೆ; ಬಳಿದವನ ಚರ್ಮಕ್ಕೂ ಅದು ಒಳ್ಳೆಯದಲ್ಲ.

ಕೇಂದ್ರ ಸರ್ಕಾರದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ; ಅದು ಅಧಿಕೃತ ಮರುಸಂಸ್ಕರಣೆಗೇ ಹೋಗಬೇಕು. ಹಳೆಯ ಬ್ಯಾಟರಿಗಳಿಗೆ 2022ರ ನಿಯಮಗಳಿವೆ. ಆದರೆ ನಿಯಮವಿರುವುದು ಕಾಗದದ ಮೇಲೆ, ಎಣ್ಣೆ ಬೀಳುವುದು ನೆಲದ ಮೇಲೆ. ಇವೆರಡರ ನಡುವೆ ಒಂದು ಬ್ಯಾರಲ್ ಇಡಬೇಕಾದವರು ಊರಿನವರೇ. ಒಂದು ಊರಿನಲ್ಲಿ 20 ಪಿಕಪ್ಪುಗಳಿದ್ದು ವರ್ಷಕ್ಕೆ ಎರಡು ಬಾರಿ ಎಣ್ಣೆ ಬದಲಿಸಿದರೆ 240 ಲೀಟರಾಗುತ್ತದೆ. 200 ಲೀಟರಿನ ಒಂದು ಬ್ಯಾರಲ್ ತುಂಬಿ ಮಿಗುವಷ್ಟು! ಸಹಕಾರಿ ಸಂಘದ ಗೋದಾಮಿನ ಬದಿಯಲ್ಲಿ, ಮಳೆ ಬೀಳದ ಜಾಗದಲ್ಲಿ ಅಂಥದೊಂದು ಬ್ಯಾರಲ್ ಇಟ್ಟು, ತುಂಬಿದಾಗ ಅಧಿಕೃತ ಸಂಗ್ರಾಹಕರಿಗೆ ಕೊಡುವುದು ಅಸಾಧ್ಯದ ಕೆಲಸವೇನಲ್ಲ. ವಾಹನವನ್ನು ಹೊಳೆಗಿಳಿಸಿ ತೊಳೆಯುವುದನ್ನೂ ಬಿಡಬೇಕು. ಹೊಳೆಯಿಂದ ದೂರದ ಹುಲ್ಲುನೆಲದಲ್ಲಿ ಕೊಡದ ನೀರಿನಿಂದ ತೊಳೆದರೆ ಕೆಸರೂ ಜಿಡ್ಡೂ ಅಲ್ಲಿಯೇ ಉಳಿಯುತ್ತವೆ.

ಬೀಳ್ಕೊಡುವ ಕಾಲ

ಎಷ್ಟೇ ಆರೈಕೆ ಮಾಡಿದರೂ ಪ್ರತಿಯೊಂದು ವಾಹನಕ್ಕೂ ಕೊನೆಯೆಂಬುದಿದೆ. ಛಾಸಿ ತುಕ್ಕಿನಿಂದ ತೂತಾಗಿದ್ದರೆ, ತೇಪೆಯ ಮೇಲೆ ತೇಪೆ ಹಾಕಿದ್ದರೆ, ಎಣ್ಣೆ ಕುಡಿಯುವ ಎಂಜಿನ್ನಿನ ದುರಸ್ತಿಗೆ ವಾಹನದ ಬೆಲೆಗಿಂತ ಹೆಚ್ಚು ಖರ್ಚಾಗುವಂತಿದ್ದರೆ, ಅದನ್ನು ಘಟ್ಟಕ್ಕೆ ಇಳಿಸುವುದು ತರವಲ್ಲ. ಸರಕು ವಾಹನಗಳಿಗೆ ಎಂಟು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಎಫ್.ಸಿ. ಮಾಡಿಸಬೇಕೆಂಬ ನಿಯಮವಿರುವುದು ಇದನ್ನು ಗುರುತಿಸುವುದಕ್ಕಾಗಿಯೇ. ಎಫ್.ಸಿ.ಯ ದಿನಕ್ಕಾಗಿ ಒಳ್ಳೆಯ ಟೈರು ಬಾಡಿಗೆಗೆ ತಂದು ಹಾಕಿ, ಮರುದಿನ ಸವೆದ ಟೈರು ಹಾಕಿಕೊಳ್ಳುವವನು ಅಧಿಕಾರಿಯನ್ನು ವಂಚಿಸಿದೆನೆಂದು ಭಾವಿಸುತ್ತಾನೆ. ವಂಚನೆಗೊಳಗಾಗುವವರು ಅವನ ಹಿಂದೆ ಹಾಲಿನ ಕ್ಯಾನುಗಳ ನಡುವೆ ಕುಳಿತಿರುವವರು. 2021ರಲ್ಲಿ ಬಂದ ನಿಯಮಗಳಂತೆ ನೋಂದಾಯಿತ ಗುಜರಿ ಕೇಂದ್ರಗಳಿಗೆ ವಾಹನ ಒಪ್ಪಿಸಿ ಪ್ರಮಾಣಪತ್ರ ಪಡೆಯುವ ವ್ಯವಸ್ಥೆಯಿದೆ. ತೋಟದ ಮೂಲೆಯಲ್ಲಿ ಬಳ್ಳಿ ಹಬ್ಬಿಸಿಕೊಂಡು, ಎಣ್ಣೆಯನ್ನೂ ಬ್ಯಾಟರಿಯ ಆಮ್ಲವನ್ನೂ ನೆಲಕ್ಕೆ ಸುರಿಸುತ್ತಾ ಕೊಳೆಯುವುದಕ್ಕಿಂತ ಅದು ಗೌರವದ ಬೀಳ್ಕೊಡುಗೆ.

ವಿದ್ಯಾರ್ಥಿ ಮಿತ್ರರು ಈ ಕೆಲಸದಲ್ಲಿ ಕೈಜೋಡಿಸಬಹುದು. ತಮ್ಮ ಊರಿನ ವಾಹನಗಳ ಹೊಗೆಯ ಬಣ್ಣ, ನಿಂತ ಜಾಗದ ಎಣ್ಣೆಯ ಕಲೆ, ಹಿಂಬದಿ ದೀಪಗಳ ಸ್ಥಿತಿಯನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಸಾಕು. ಯಾರನ್ನೂ ದೂಷಿಸಬೇಕಾಗಿಲ್ಲ. ‘ಮಾವ, ಗಾಡಿಯ ಹಿಂಚಕ್ರದಲ್ಲಿ ಎಣ್ಣೆ ಕಾಣುತ್ತಿದೆ’ ಎಂದು ಒಂದು ಮಾತು ಹೇಳಿದರೆ ಅದೇ ಪರಿಸರ ಶಿಕ್ಷಣ, ಅದೇ ಪ್ರಾಣರಕ್ಷಣೆ.

ಆಯುಧಪೂಜೆಯ ದಿನ ಮಲೆನಾಡಿನ ಮನೆ ಮನೆಯಲ್ಲೂ ವಾಹನವನ್ನು ತೊಳೆದು, ಹೂ ಮುಡಿಸಿ, ಚಕ್ರದಡಿಗೆ ನಿಂಬೆಹಣ್ಣು ಇಡುತ್ತಾರೆ. ಮಳೆ ಹಿಂದೆ ಸರಿದು ಅಡಿಕೆ ಕೊಯ್ಲು ಆರಂಭವಾಗುವ ಸಮಯವದು. ವರ್ಷದ ದೊಡ್ಡ ಹೊರೆಗಳು ಘಟ್ಟ ಇಳಿಯುವುದು ಅದರ ನಂತರವೇ. ನಿಂಬೆಹಣ್ಣು ಇಡುವ ಮೊದಲು ಆ ಚಕ್ರಗಳನ್ನು ಒಮ್ಮೆ ಬಿಚ್ಚಿ ನೋಡುವುದು ಪದ್ಧತಿಯಾಗಲಿ. ಬ್ರೇಕ್ ಎಣ್ಣೆ ಬದಲಾಗಲಿ, ಜಾಯಿಂಟುಗಳಿಗೆ ಗ್ರೀಸು ಬೀಳಲಿ, ಕರಿ ಎಣ್ಣೆ ಬ್ಯಾರಲ್ಲಿಗೆ ಸೇರಲಿ. ಯಂತ್ರಕ್ಕೆ ಸಲ್ಲಿಸುವ ನಿಜವಾದ ಪೂಜೆ ಅದು. ಘಟ್ಟದ ಕೆಳಗಿರುವ ನೆರೆಯವರಿಗೂ ಹೊಳೆಗೂ ಸಲ್ಲಿಸುವ ಗೌರವವೂ ಅದೇ.